ಜಂಪರ್ ಅಳತಿ, ಸೈಕಲ್ ಅಳತಿ

ಹೋದ ಸಲ ಗುಳೇದಗುಡ್ಡದ ಖಣದ ಬಗ್ಗೆ ಬರದಿದ್ದೆ. ಅದನ್ನ ಓದಿ ನಮ್ಮ ಓಣಿಯ ವೈನಿಯವರು ಒಂದು ಮಾತು ಕೇಳಿದ್ರು. "ಖಣದ ಮಾತು ಇರಲಿ ರೀ. ರೆಡಿಮೇಡ್ ಜಂಪರ್ ಮ್ಯಾಲ 38 ಅಂತ ಬರದಿರತೈತಿ. ನನ್ನ ಎದಿ ಅಳತಿನೂ 38ನ ಐತಿ. ಮತ್ತ ಅದು ನನಗ ಯಾಕ ಸರಿ ಕೂಡಂಗಿಲ್ಲ? ಹೆಗಲ ಮ್ಯಾಲಿಂದ ಇಳೀತೈತಿ, ತೋಳಿನ್ಯಾಗ ಬಿಗೀತೈತಿ. ನನ್ನ ಮೈನ ಸರಿ ಇಲ್ಲೇನು?" ಅಂದ್ರು. ನಕ್ಕೊಂತನ ಕೇಳಿದ್ರು ಖರೇ, ಆದ್ರ ಕಡೀ ಮಾತು ನನಗ ನಗಿ ಅನಿಸಲಿಲ್ಲ.

ಇದಕ್ಕ ಉತ್ತರ ಹುಡುಕಕೊಂತ ಹೋದ್ರ ಜಂಪರಿಂದ ಸುರುವಾದದ್ದು ಸೈಕಲ್ಲಿನ ತನಕ ಹೋತು. ಅರಿವಿ ಆಗಲಿ ಸೈಕಲ್ ಆಗಲಿ, ನಮ್ಮ ಮೈ ನೋಡಿ ಮಾಡಿದ್ದು ಬ್ಯಾರೆ, ಯಾರದೋ ಮೈ ಅಳದು ಮಾಡಿ ನಮಗ ಮಾರೋದು ಬ್ಯಾರೆ. ಎರಡೂ ಹೆಂಗ ಬಂದುವು ಅನ್ನೋ ಕಥಿ ಭಾಳ ಹಳೇದೇನಲ್ಲ, ನೂರೈವತ್ತು ವರ್ಷದ್ದು.

ಮೊದಲ ನಮ್ಮ ಹಿರ್ಯಾರ ಅರಿವಿಗೆ ಬರ್ತೀನಿ. ಇಳಕಲ್ ಸೀರಿಗೆ ಸೈಜ್ ಅನ್ನೋದು ಇಲ್ಲ. ಒಂಬತ್ತು ವಾರಿ ಸೀರಿ ಸಣಕಲ ಹುಡುಗಿ ಉಟ್ಟರೂ ಆತು, ನಾಕು ಹಡದಾಕಿ ಉಟ್ಟರೂ ಆತು. ದಪ್ಪ ಇದ್ದಾಕಿ ನಿರಿಗಿ ಕಮ್ಮಿ ಹಿಡೀತಾಳ, ತೆಳ್ಳಗಿದ್ದಾಕಿ ಹೆಚ್ಚು ಹಿಡೀತಾಳ. ಗಿಡ್ಡ ಇದ್ದಾಕಿ ನಡದಾಗ ಒಂದು ಮಡಿಕಿ ಹೆಚ್ಚು ಸಿಗಸ್ತಾಳ. ಅವ್ವನ ಸೀರಿ ಮಗಳಿಗೆ ಬರ್ತಿತ್ತು, ಮಗಳದು ಸೊಸಿಗೆ ಹೋಗ್ತಿತ್ತು, ಕಡೀಕ ಕೌದಿ ಆಗಿ ಮೊಮ್ಮಕ್ಕಳ ಮೈಮ್ಯಾಲ ಬೀಳ್ತಿತ್ತು. ಎಲ್ಲೂ ಕತ್ತರಿ ತಾಗಿಸೋ ಜರೂರೇ ಇರಲಿಲ್ಲ.

ಕುಬಸ ಹೊಲದದ್ದು ಖರೇ, ಆದ್ರ ಅದರಾಗೂ ಒಂದು ಶಾಣ್ಯಾತನ ಇತ್ತು. ನಮ್ಮ ಆಯಿ ತೊಡ್ತಿದ್ದ ಕುಬಸಕ್ಕ ಗುಂಡಿ ಇಲ್ಲ, ಹುಕ್ಕ ಇಲ್ಲ. ಮುಂದ ಎರಡು ತುದಿ, ಅವನ್ನ ಎದಿ ಕೆಳಗ ಜಗ್ಗಿ ಗಂಟ ಹಾಕೋದು. ಕಂಕುಳದಾಗ ಒಂದು ಸಣ್ಣ ಚೌಕ ತುಂಡು ಕೂಡಿಸಿರ್ತಿದ್ರು, ಕೈ ಮ್ಯಾಲ ಎತ್ತಿದ್ರ ಹರೀಬಾರದು ಅಂತ. ರೊಟ್ಟಿ ಬಡಿಯೋರು, ನೀರು ಸೇದೋರು, ಕಳೆ ತಗಿಯೋರು ಅವರು, ಕೈ ಆಡಬೇಕಲ್ರಿ. ಮೈ ಬಂದ್ರ ಗಂಟು ಸಡಿಲ, ಮೈ ಇಳಿದ್ರ ಗಂಟು ಬಿಗಿ. ಕೂಸಿಗೆ ಹಾಲು ಕುಡಿಸಬೇಕಂದ್ರ ಗಂಟು ಬಿಚ್ಚಿದ್ರ ಮುಗೀತು. ಬಸರ ಹೆಣ್ಣಮಗಳಿಗೆ ಮಾಡೋ ಕಾರ್ಯಕ್ಕ ನಾವು ಇವತ್ತಿಗೂ "ಕುಬಸ ಮಾಡೋದು" ಅಂತೀವಿ. ಮೈ ಬದಲಾಗೋ ಹೊತ್ತಿನ್ಯಾಗ ಹೊಸ ಕುಬಸ ಕೊಡಬೇಕು ಅಂತ ತಿಳದಿದ್ದ ಮಂದಿ ಅವರು. ಹೆಂಗಸಿನ ಮೈ ಜೀವನಪೂರ್ತಿ ಒಂದೇ ಅಳತಿ ಇರಂಗಿಲ್ಲ ಅನ್ನೋದನ್ನ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಇನ್ನ ಕಚ್ಚಿ. ಕಚ್ಚಿ ಹಾಕಿ ಉಟ್ಟ ಸೀರಿ ಅಂದ್ರ ಎರಡೂ ಕಾಲಿಗೆ ಬ್ಯಾರೆ ಬ್ಯಾರೆ ಅರಿವಿ ಇದ್ದಂಗ. ಹೊಲದಾಗ ಕುಕ್ಕರಗಾಲಿಲೇ ಕುಂದರಬಹುದು, ಏಣಿ ಹತ್ತಬಹುದು, ಕುದುರಿ ಮ್ಯಾಲ ಎರಡೂ ಕಡೆ ಕಾಲ ಹಾಕಿ ಕುಂದರಬಹುದು. ಹುಬ್ಬಳ್ಳ್ಯಾಗ ಕಿತ್ತೂರ ಚೆನ್ನಮ್ಮನ ಮೂರ್ತಿ ಮುಂದ ಎಷ್ಟು ಸಲ ಹಾದು ಹೋಗೀವಿ, ಆದ್ರ ಆಕಿ ಕುದುರಿ ಮ್ಯಾಲ ಹೆಂಗ ಕುಂತಾಳ ಅಂತ ಮುಂದಿನ ಸಲ ಒಮ್ಮೆ ಲಕ್ಷ್ಯ ಕೊಟ್ಟು ನೋಡ್ರಿ. ಇದನ್ನ ನೆನಪಿಡ್ರಿ, ಸೈಕಲ್ಲಿನ ಕಥಿಗೆ ಬೇಕಾಗತೈತಿ.

ಮೈಗೆ ಅಂಟಿ ಕೂಡೋ ಜಂಪರ್ ಬಂದದ್ದು ಆಮ್ಯಾಲ. ಬಂಗಾಲದ ಠಾಕೂರರ ಮನಿ ಸೊಸಿ ಜ್ಞಾನದಾನಂದಿನಿ ದೇವಿ 1860ರ ದಶಕದಾಗ ಗಂಡನ ಜೋಡಿ ಮುಂಬೈಗೆ ಬಂದ್ರು. ಆಕಿ ಗಂಡ ಸತ್ಯೇಂದ್ರನಾಥ ಠಾಕೂರ, ಐಸಿಎಸ್ ಆದ ಮೊದಲನೇ ಭಾರತೀಯ, ರವೀಂದ್ರರ ಅಣ್ಣ. ಮುಂಬೈದಾಗ ಪಾರ್ಸಿ ಹೆಣ್ಣಮಕ್ಕಳು ಸೀರಿ ಉಡೋ ರೀತಿ ನೋಡಿ, ಒಳಗ ಲಂಗಾ, ಮ್ಯಾಲ ಹೊಲಿಸಿದ ರವಿಕಿ ಹಾಕಿ ಹೊರಗ ಹೋಗೋ ಪದ್ಧತಿ ಬಂಗಾಲಕ್ಕ ಒಯ್ದರು. ಇದೇ ಸತ್ಯೇಂದ್ರನಾಥರು ಮುಂದ ನಮ್ಮ ಕಾರವಾರದಾಗ ಜಡ್ಜ್ ಆಗಿದ್ರು, ರವೀಂದ್ರರು ಅಲ್ಲಿಗೆ ಬಂದು ಉಳದಿದ್ರು. ಕಾರವಾರದ ಬೀಚಿಗೆ ಅವರ ಹೆಸರು ಅದಕ್ಕ. ಇರಲಿ, ಮಾತು ಎಲ್ಲಿಗೋ ಹೋತು.

ನಮ್ಮ ಕಡೆ ಹುಕ್ಕಿನ ಜಂಪರ್ ಬಂದಮ್ಯಾಲ ಅಳತಿ ಅನ್ನೋದು ಬಂತು. ಅಳತಿ ತಗೋಳಾಂವ ಗಂಡಸು. ಟೇಪ್ ಹಿಡದು ಎದುರಿಗೆ ನಿಂತ್ರ ಹೆಣ್ಣಮಕ್ಕಳಿಗೆ ನಾಚಿಕಿ, ಸಿಂಪಿಗ್ಯಾಗೂ ನಾಚಿಕಿ. ಅದಕ್ಕೊಂದು ದಾರಿ ಮಾಡಿಕೊಂಡ್ರು: ಅಳತಿ ಜಂಪರ್. ಹಳೇ ಜಂಪರ್ ಒಂದನ್ನ ಚೀಲದಾಗ ಹಾಕ್ಕೊಂಡು ಹೋಗೋದು, "ಇದರಂಗ ಹೊಲೀರಿ" ಅನ್ನೋದು. ಆ ಹಳೇ ಜಂಪರಿಗೆ ಬೆನ್ನಾಗ ಬಿಗೀತಿದ್ರ ಹೊಸಾದೂ ಬೆನ್ನಾಗ ಬಿಗೀತಿತ್ತು. ಹೆಗಲು ಇಳೀತಿದ್ರ ಮುಂದಿನ ಹತ್ತು ಜಂಪರೂ ಇಳೀತಿದ್ದುವು. ನಮ್ಮ ಅವ್ವನ ಒಂದು ಜಂಪರಿನ ತಪ್ಪು ಆಕಿ ಕಡೀ ತನಕ ಆಕಿ ಜೋಡೀನ ನಡೀತು. ಮದುವಿಗಿಂತ ಮೊದಲ ಹೊಲಿಸಿದ್ದರ ಅಳತಿ, ಮೂರು ಹಡದ ಮ್ಯಾಲೂ ಅದೇ; ಬರೇ ಎರಡೂ ಕಡೆ ಒಂದೊಂದು ಹೊಲಿಗಿ ಬಿಚ್ಚತಿದ್ರು.

ಉಡಿ ತುಂಬೋ ಜಂಪರ್ ಪೀಸಿಂದೂ ಇದೇ ಕಥಿ. 80 ಸೆಂಟಿಮೀಟರ್ ಪೀಸು ಎಲ್ಲಾರಿಗೂ ಒಂದೇ. ತೆಳ್ಳಗ ಇದ್ದಾಕಿಗೆ ಅದರಾಗ ತೋಳು ಉದ್ದ ಬರತೈತಿ, ಮೈ ಇದ್ದಾಕಿಗೆ ತೋಳು ಗಿಡ್ಡ ಮಾಡಬೇಕು ಇಲ್ಲಾ ಬ್ಯಾರೆ ಅರಿವಿ ಕೂಡಿಸಬೇಕು. ಅರಿವಿ ಸಾಲಲಿಲ್ಲ ಅಂತ ಯಾರೂ ಅನ್ನಂಗಿಲ್ಲ. "ಆಕಿ ಮೈ ಹೆಚ್ಚಾಗೈತಿ" ಅಂತಾರ.

ಇನ್ನ ವೈನಿಯವರ ಪ್ರಶ್ನೆಗೆ ಬರೋಣ. 38 ಅನ್ನೋ ನಂಬರ್ ಎಲ್ಲಿಂದ ಬಂತು?

ಅಮೇರಿಕಾದಾಗ ಎಬೆನೇಜರ್ ಬಟರಿಕ್ ಅನ್ನೋ ಟೇಲರ್ 1863ರಾಗ ಬ್ಯಾರೆ ಬ್ಯಾರೆ ಸೈಜಿನ ಕಾಗದದ ಪ್ಯಾಟರ್ನ್ ಮಾರಾಕ ಸುರು ಮಾಡಿದ. ಮೊದಲ ಗಂಡಸರಿಗೆ, ಹುಡುಗರಿಗೆ. ಎರಡು ಮೂರು ವರ್ಷದಾಗ ಹೆಂಗಸರಿಗೂ ಬಂತು. ಗಂಡಸರ ಅಳತಿ ಸಿಗೋದು ಆಗ ಕಷ್ಟ ಇರಲಿಲ್ಲ. ಅಲ್ಲಿ ಅಂತರ್ಯುದ್ಧ ನಡದಿತ್ತು, ಸೈನ್ಯಕ್ಕ ಸಾವಿರಗಟ್ಟಲೆ ಯೂನಿಫಾರ್ಮ್ ಹೊಲೀಬೇಕಾಗಿತ್ತು, ಸಿಪಾಯಿಗಳ ಮೈ ಅಳದಿದ್ರು. ಹೆಂಗಸರನ್ನ ಹಂಗ ಸಾಲಾಗಿ ನಿಲ್ಲಿಸಿ ಅಳದೋರು ಯಾರು? ಯಾರೂ ಇಲ್ಲ. ಎದಿ ಅಳತಿ ಒಂದನ್ನ ಹಿಡಕೊಂಡು ಉಳದದ್ದನ್ನೆಲ್ಲಾ ಅಂದಾಜಿಲೇ ಕತ್ತರಿಸಿದ್ರು.

ಪೇಟ್ಯಾಗ ರೆಡಿಮೇಡ್ ಅರಿವಿ ಹೆಚ್ಚಾದಂಗ ವಾಪಸ್ ಬರೋ ಅರಿವಿನೂ ಹೆಚ್ಚಾತು. ಪೋಸ್ಟಿನ ಮ್ಯಾಲ ಅರಿವಿ ಮಾರೋ ಕಂಪನಿಗಳಿಗೆ ಅದೊಂದು ದೊಡ್ಡ ನುಕ್ಸಾನ. ಕಡೀಕ 1939-40ರಾಗ ಅಮೇರಿಕಾದ ಕೃಷಿ ಇಲಾಖೆ ಕಡಿಂದ ರೂತ್ ಓಬ್ರಾಯನ್ ಮತ್ತ ವಿಲಿಯಂ ಶೆಲ್ಟನ್ ಅನ್ನೋರು ಹತ್ತತ್ರ 15,000 ಹೆಂಗಸರನ್ನ ಅಳಿಸಿದ್ರು. ಒಬ್ಬೊಬ್ಬಾಕಿದು 59 ಅಳತಿ! ಕೊರಳ ಸುತ್ತ, ಮೊಣಕೈ, ಮೊಣಕಾಲು, ಕುಂತಾಗ ಎತ್ತರ, ಎಲ್ಲಾ. 1941ರಾಗ ಅದರ ಪುಸ್ತಕ ಬಂತು. ಕೃಷಿ ಇಲಾಖೆ ಯಾಕ ಅಂದ್ರ, ಮನಿವಾರ್ತಿ ಶಾಸ್ತ್ರ ಅಲ್ಲಿ ಆ ಇಲಾಖೆಯ ಕೈಯಾಗ ಇತ್ತು.

ಕೆಲಸ ದೊಡ್ಡದು, ಇಲ್ಲ ಅನ್ನಂಗಿಲ್ಲ. ಆದ್ರ ಅದರಾಗ ಎರಡು ಮಾತು ನೋಡ್ರಿ. ಬಂದು ಅಳಿಸಿಕೊಂಡ ಹೆಂಗಸರಿಗೆ ಸ್ವಲ್ಪ ರೊಕ್ಕ ಕೊಡ್ತಿದ್ರು, ಹಿಂಗಾಗಿ ರೊಕ್ಕದ ಅಡಚಣಿ ಇದ್ದೋರ ಹೆಚ್ಚು ಬಂದ್ರು. ಅವು ಬರಗಾಲದಂಥ ದಿನ, ಉಣ್ಣಾಕ ಸಾಲದ ಮೈ ಅವು. ಎರಡನೇದ್ದು, ಬಿಳೀ ಹೆಂಗಸರ ಲೆಕ್ಕ ಅಷ್ಟ ಇಟ್ಟುಕೊಂಡ್ರು. ಬ್ಯಾರೆ ಬಣ್ಣದೋರನ್ನ ಅಳದಿದ್ರೂ ಆ ಲೆಕ್ಕ ತಗದು ಹಾಕಿದ್ರು. ಇದರ ಮ್ಯಾಲಿಂದ 1958ರಾಗ ಸರಕಾರಿ ಸೈಜಿನ ಪಟ್ಟಿ ಬಂತು. 8ರಿಂದ 38ರ ತನಕ ನಂಬರ್, ಅದರ ಮುಂದ ಎತ್ತರಕ್ಕ ಒಂದು ಅಕ್ಷರ, ಕುಂಡಿ ದಪ್ಪಕ್ಕ ಒಂದು ಗುರ್ತು. ನನಗೇನೋ ಆ ಪದ್ಧತಿ ಛಲೋ ಅನಿಸತೈತಿ. ಎದಿ ಒಂದೇ ಇದ್ದ ಇಬ್ಬರ ಎತ್ತರ, ನಡ ಬ್ಯಾರೆ ಇರತಾವ ಅಂತ ಒಪ್ಪಿಕೊಂಡಿತ್ತಲ್ಲ. ಆದ್ರ ಅಷ್ಟೆಲ್ಲಾ ಸೈಜ್ ಹೊಲಿಯಾಕ ಕಂಪನಿಗಳಿಗೆ ಖರ್ಚು. 1970ರಾಗ "ಬೇಕಾದ್ರ ಪಾಲಿಸ್ರಿ" ಅಂತ ಸಡಿಲ ಮಾಡಿದ್ರು, 1983ರಾಗ ಪೂರಾ ತಗದ ಹಾಕಿದ್ರು. ಆಮ್ಯಾಲ ಯಾರ ಮನಸ್ಸಿಗೆ ಬಂದಂಗ ಅವರ ನಂಬರ್. 1958ರಾಗ 31 ಇಂಚು ಎದಿ ಇದ್ದಾಕಿ 8 ನಂಬರ್ ತೊಡ್ತಿದ್ಲು. ಈಗ ಅಲ್ಲಿ ಅದೇ ಅಳತಿಗೆ ನಂಬರ್ ಸೊನ್ನಿ ಆಸುಪಾಸು ಇಳದೈತಿ. ಗಿರಾಕಿ "ನಾ ತೆಳ್ಳಗಾಗೇನಿ" ಅಂತ ಖುಷಿಪಟ್ಟು ಎರಡು ತಗೋಳ್ಳಿ ಅಂತ.

ನಮ್ಮ ದೇಶದಾಗ ಬಾಳ ವರ್ಷ ಪರದೇಶದ ಪಟ್ಟಿನ ಅತ್ತಿತ್ತ ಮಾಡಿ ಹೊಲದ್ರು. ಈಗೀಗ ನಿಫ್ಟ್ ಸಂಸ್ಥಾದವರು ಇಂಡಿಯಾ ಸೈಜ್ ಅಂತ ಕೆಲಸ ತಗೊಂಡಾರ. ಆರು ಊರಾಗ 25,000 ಮಂದಿ, ಹೆಣ್ಣು ಗಂಡು ಎರಡೂ, ಮಷಿನ್ನಿನ್ಯಾಗ ನಿಲ್ಲಿಸಿ ಮೈ ಸ್ಕ್ಯಾನ್ ಮಾಡೋದು. ಆ ಆರರಾಗ ಬೆಂಗಳೂರೂ ಒಂದು. ಟೇಪ್ ಇಲ್ಲ, ಮುಟ್ಟೋ ಮಾತೇ ಇಲ್ಲ. ನಮ್ಮ ಆಯಿ ಕಾಲಕ್ಕ ಇದ್ದಿದ್ರ ಅಳತಿ ಜಂಪರಿನ ಕಾಟ ತಪ್ಪತಿತ್ತು.

ಈಗ ಹೆಗಲು ಯಾಕ ಇಳೀತೈತಿ ಅಂತ ಹೇಳ್ತೀನಿ. ರೆಡಿಮೇಡ್ ಹೊಲಿಯೋರು ಒಂದು ಮೈಗೆ ಸರಿಯಾಗಿ ಪ್ಯಾಟರ್ನ್ ಮಾಡತಾರ. ಆಮ್ಯಾಲ ದೊಡ್ಡ ಸೈಜಿಗೆ ಎಲ್ಲಾ ಕಡೆ ಇಷ್ಟಿಷ್ಟು ಹಿಗ್ಗಿಸ್ಕೊಂತ ಹೋಗತಾರ. ಎದಿ ಹಿಗ್ಗಿಸಿದಂಗ ಹೆಗಲೂ ಹಿಗ್ಗತೈತಿ. ಆದ್ರ ನಮ್ಮ ಮೈ ಹಂಗ ಬೆಳಿಯಂಗಿಲ್ಲಲ್ರಿ. ಮಾಂಸ ಬೆಳೀತೈತಿ, ಹೆಗಲಿನ ಎಲುಬು ಹದಿನೆಂಟರಾಗ ಎಷ್ಟಿತ್ತೋ ಐವತ್ತರಾಗೂ ಅಷ್ಟ. ಮತ್ತ 38 ಅಂದ್ರ ಮೈ ಸುತ್ತ ಟೇಪ್ ಹಿಡದ ಲೆಕ್ಕ. ಅದರಾಗ ಬೆನ್ನ ಪಾಲೆಷ್ಟು, ಮುಂದಿನ ಪಾಲೆಷ್ಟು ಅಂತ ಟೇಪ್ ಹೇಳಂಗಿಲ್ಲ. ಅಗಲ ಬೆನ್ನಿನಾಕಿ 38, ಸಣ್ಣ ಬೆನ್ನು ತುಂಬಿದೆದಿಯಾಕಿ 38, ಇಬ್ಬರಿಗೂ ಒಂದೇ ಜಂಪರ್ ಕೊಟ್ರ ಒಬ್ಬಾಕಿ ಬೆನ್ನು ಬಿಗೀತೈತಿ, ಇನ್ನೊಬ್ಬಾಕಿ ಹುಕ್ಕು ಕೂಡಂಗಿಲ್ಲ. ವೈನಿಯವರದು ಸಣ್ಣ ಹೆಗಲು, ದಪ್ಪ ತೋಳು. ಆ ಪ್ಯಾಟರ್ನ್ ಮಾಡಿದೋರಿಗೆ ಅವರು ಸಿಕ್ಕಿಲ್ಲ, ಅಷ್ಟ.

ಟೇಲರ್ ಕಡೆ ಹೋದಾಗ ಎದಿ, ನಡ ಅಷ್ಟ ಕೊಟ್ಟು ಬರಬ್ಯಾಡ್ರಿ. ಹಿಂದಿನ ಬೆನ್ನ ಅಗಲ, ಹೆಗಲಿಂದ ಎದಿ ತುದಿ ತನಕದ ಉದ್ದ, ತೋಳಿನ ದಪ್ಪ ಇವಿಷ್ಟು ಬ್ಯಾರೆ ತಗೋಳಾಕ ಹೇಳ್ರಿ. ಈಗ ಹೊಲಿಯೋರು ಹೆಣ್ಣಮಕ್ಕಳ ಭಾಳ ಮಂದಿ ಅದಾರ, ನಾಚೋ ಮಾತಿಲ್ಲ.

ಇನ್ನ ಸೈಕಲ್.

ನಮ್ಮ ತಂಗಿ ಮಗಳು ಎಂಟನೇತ್ತದಾಗ ಸೈಕಲ್ ಕಲ್ತು, ದಿನಾ ನಾಕು ಕಿಲೋಮೀಟರ್ ಸಾಲಿಗೆ ಹೋಗ್ತಿದ್ಲು. ಹತ್ತನೇತ್ತಕ್ಕ ಬರೋದ್ರಾಗ ಬಿಟ್ಲು. ಬಸ್ಸಿಗೆ ಕಾಯ್ತಾಳ, ಬಸ್ ತಪ್ಪಿದ ದಿನ ಸಾಲಿ ತಪ್ಪಸ್ತಾಳ. ಕೇಳಿದ್ರ "ಬ್ಯಾಸರ" ಅಂತಾಳ. ಭಾಳ ದಿನಕ್ಕ ನನ್ನ ಹಂತ್ಯಾಕ ಬಾಯಿ ಬಿಟ್ಲು: "ದೊಡ್ಡವ್ವಾ, ಸೀಟು ಚುಚ್ಚತೈತಿ. ಮುಟ್ಟಾದಾಗಂತೂ ಕುಂದರಾಕ ಆಗಂಗಿಲ್ಲ. ಬೆನ್ನು, ಹೆಗಲು ನೋಯ್ತಾವ. ಅಪ್ಪಗ ಹೆಂಗ ಹೇಳ್ಲಿ?" ಸೈಕಲ್ ಮಾರಿದ ಅಂಗಡಿಯಾಂವ ಅಂತೂ "ಹುಡುಗಿ ಭಾಳ ನಾಜೂಕ" ಅಂದು ಕಳಿಸಿದ್ನಂತ. ಮುಟ್ಟು, ಕುಂಡಿ, ತೊಡಿಸಂದು ಅನ್ನೋ ಮಾತು ಮನಿಯಾಗ ಆಡಂಗಿಲ್ಲ, ಅಂಗಡ್ಯಾಗಂತೂ ಆಡಂಗಿಲ್ಲ. ಹಿಂಗಾಗಿ ಹುಡುಗಿ ಸುಮ್ಮನ ಸೈಕಲ್ ಬಿಡತಾಳ. ಇಂಥವು ಎಷ್ಟು ಮನಿಯಾಗ ಆಗಿರಬೇಕು ಅಂತ ವಿಚಾರ ಮಾಡ್ರಿ.

ಆಕಿದು ಲೇಡೀಸ್ ಸೈಕಲ್ಲೇ ಇತ್ತು. ಹೆಣ್ಣಮಕ್ಕಳಿಗಂತ ಮಾಡಿದ್ದು ಹೆಣ್ಣಮಕ್ಕಳಿಗೇ ಯಾಕ ಚುಚ್ಚತೈತಿ? ಇಲ್ಲೇ ಹಳೇ ಕಥಿ ಬೇಕಾಗೋದು.

ಮೊದಲಿನ ಸೈಕಲ್ಲಿಗೆ ಮುಂದಿನ ಗಾಲಿ ಆಳೆತ್ತರ, ಹಿಂದಿಂದು ಸಣ್ಣದು. ಲಂಗಾ ತೊಟ್ಟಾಕಿ ಅದನ್ನ ಹತ್ತೋ ಮಾತೇ ಇಲ್ಲ. 1885ರಾಗ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಅನ್ನೋ ಸೈಕಲ್ ತಂದ. ಎರಡೂ ಗಾಲಿ ಹತ್ತತ್ರ ಒಂದೇ ಎತ್ತರ, ಹಿಂದಿನ ಗಾಲಿಗೆ ಚೈನು, ಹೆಚ್ಚುಕಮ್ಮಿ ಇವತ್ತಿನ ಸೈಕಲ್ಲೇ. 1888ರಾಗ ಡನ್ಲಪ್ ಗಾಳಿ ತುಂಬೋ ಟೈರ್ ತಂದ. ಅದೇ ಸುಮಾರಿಗೆ ಸೀಟಿನಿಂದ ಹ್ಯಾಂಡಲ್ ತನಕ ಇರೋ ನಡುವಿನ ಪೈಪು ತಗದು ಕೆಳಗ ಬಗ್ಗಿಸಿ ಹೆಂಗಸರ ಸೈಕಲ್ ಮಾಡಿದ್ರು. ಹಿಂದಿನ ಗಾಲಿಗೆ ಲಂಗಾ ಸಿಗಬಾರದು ಅಂತ ದಾರದ ಜಾಳಿಗಿ ಕಟ್ಟಿದ್ರು, ಚೈನಿಗೆ ಡಬ್ಬಿ ಹಾಕಿದ್ರು.

ಲಕ್ಷ್ಯ ಕೊಡ್ರಿ: ಆ ಪೈಪು ತಗದದ್ದು ಹೆಂಗಸಿನ ಮೈ ನೋಡಿ ಅಲ್ಲ, ಲಂಗಾ ನೋಡಿ. ಸೀಟು, ಹ್ಯಾಂಡಲ್, ಬ್ರೇಕು, ಎಲ್ಲಾದರ ಅಂತರ ಗಂಡಸಿನ ಲೆಕ್ಕದಾಗೇ ಉಳೀತು. ಮ್ಯಾಲ ಒಂದು ತೊಂದರಿ ಬ್ಯಾರೆ ಬಂತು. ಮೂರು ಪೈಪಿನ ತ್ರಿಕೋನ ಗಟ್ಟಿ ಇರತೈತಿ. ಮ್ಯಾಲಿಂದು ತಗದ್ರ ಸಡಿಲಾಗತೈತಿ, ಅದಕ್ಕ ಉಳಿದ ಪೈಪು ದಪ್ಪ ಮಾಡಬೇಕು. ಡಬ್ಬಿ, ಜಾಳಿಗಿ, ದಪ್ಪ ಪೈಪು ಕೂಡಿ ಹೆಂಗಸರ ಸೈಕಲ್ಲೇ ಗಂಡಸರದ್ದಕ್ಕಿಂತ ಭಾರ ಆತು!

ಅನ್ನಿ ಕೊಪ್‌ಚೋವ್‌ಸ್ಕಿ ಅಂತ ಒಬ್ಬಾಕಿ ಇದ್ಲು, ಮೂರು ಮಕ್ಕಳ ತಾಯಿ. 1894ರಾಗ ಬಾಸ್ಟನ್ನಿಂದ ಜಗತ್ತು ಸುತ್ತಾಕ ಹೊಂಟ್ಲು. ಒಂದು ನೀರಿನ ಕಂಪನಿ 100 ಡಾಲರ್ ಕೊಟ್ಟು ತನ್ನ ಹೆಸರನ್ನ ಆಕಿಗೆ ಇಟ್ಟಿತು, ಹಿಂಗಾಗಿ ಆಕಿ ಅನ್ನಿ ಲಂಡನ್‌ಡೆರ್ರಿ ಆದ್ಲು. ಹೊಂಟಾಗ ಉದ್ದ ಲಂಗಾ, ಹೆಂಗಸರ ಸೈಕಲ್, ಅದರ ಭಾರ 42 ಪೌಂಡ್, ಅಂದ್ರ 19 ಕಿಲೋ. ಚಿಕಾಗೋ ಮುಟ್ಟೋದ್ರಾಗ ಸಾಕಾತು. ಅಲ್ಲಿ ಗಂಡಸರ ಸೈಕಲ್ ತಗೊಂಡ್ಲು, ಅದು 21 ಪೌಂಡ್, ಬರೋಬ್ಬರಿ ಅರ್ಧ ಭಾರ. ಲಂಗಾ ಬಿಟ್ಟು ಬ್ಲೂಮರ್ ಅನ್ನೋ ಸಡಿಲ ಇಜಾರ ತೊಟ್ಲು. 1895ರಾಗ ತಿರುಗಿ ಬಂದ್ಲು. ಇಂಗ್ಲೆಂಡಿನ್ಯಾಗ 1893ರಾಗ ಟೆಸ್ಸಿ ರೇನಾಲ್ಡ್ಸ್ ಅನ್ನೋ ಹದಿನಾರು ವರ್ಷದ ಹುಡುಗಿನೂ ಇಜಾರ ಹಾಕ್ಕೊಂಡು, ಗಂಡಸರ ಸೈಕಲ್ ಮ್ಯಾಲ, ಬ್ರೈಟನ್ನಿಂದ ಲಂಡನ್ನಿಗೆ ಹೋಗಿ ತಿರುಗಿ ಬಂದಿದ್ಲು. ಎಂಟೂವರಿ ತಾಸು. ಪೇಪರಿನ್ಯಾಗ ಆಕಿ ಹೊಡದ ದೂರಕ್ಕಿಂತ ಆಕಿ ಇಜಾರದ ಮಾತೇ ಹೆಚ್ಚು ಬಂತು.

ಇಜಾರದ ಸಲುವಾಗಿ ಕೋರ್ಟ್ ಕಟ್ಟಿ ಹತ್ತಿದೋರೂ ಅದಾರ. ಲೇಡಿ ಹಾರ್ಬರ್ಟನ್ ಅನ್ನೋ ದೊಡ್ಡ ಮನಿತನದಾಕಿ 1898ರಾಗ ಸೈಕಲ್ ಹೊಡಕೊಂತ ಆಕ್‌ಹ್ಯಾಮ್ ಅನ್ನೋ ಊರಿನ ಹೋಟೆಲ್ಲಿಗೆ ಹೋದ್ಲು. ಇಜಾರ ನೋಡಿ ಹೋಟೆಲ್ ನಡಸೋ ಹೆಂಗಸು ಊಟದ ಕೋಣಿಗೆ ಬಿಡಲಿಲ್ಲ, ಗಂಡಸರು ಕುಡಿಯೋ ಕಡೆ ಹೋಗಿ ಕುಂದರು ಅಂದ್ಲು. ಮರುವರ್ಷ ಕೋರ್ಟಿನ್ಯಾಗ ಹೋಟೆಲ್ಲಿನಾಕಿನ ಗೆದ್ಲು. ಕಚ್ಚಿ ಹಾಕಿದ ನಮ್ಮ ಆಯಿ ಇದನ್ನ ಕೇಳಿದ್ರ ನಕ್ಕು ಬಿಡ್ತಿದ್ಲು ನೋಡ್ರಿ. ಎರಡೂ ಕಾಲಿಗೆ ಬ್ಯಾರೆ ಅರಿವಿ ಇರೋ ಉಡಿಗಿ ನಮ್ಮ ಕಡೆ ಮರ್ಯಾದಸ್ತರದು, ಅಲ್ಲಿ ಮರ್ಯಾದಿ ಬಿಟ್ಟೋರದು. ಅದೂ ಅಲ್ಲದ ನಾವು ಸೈಕಲ್ ಹತ್ತೋ ಕಾಲಕ್ಕ ಬರೋದ್ರಾಗ ಕಚ್ಚಿ ಬಿಟ್ಟು, ಕಾಲು ಸುತ್ತಿಕೊಳ್ಳೋ ಆರು ವಾರಿ ಸೀರಿಗೆ ಬಂದ್ವಿ.

ನನಗ ಇವರೆಲ್ಲಾರಿಗಿಂತ ಮನಸ್ಸಿಗೆ ಹತ್ತಿದಾಕಿ ಫ್ರಾನ್ಸಿಸ್ ವಿಲ್ಲಾರ್ಡ್. ಅಮೇರಿಕಾದಾಗ ಸೆರೆ ವಿರುದ್ಧ ಹೋರಾಡಿದಾಕಿ. ತಾಯಿ ಸತ್ತು ಮನಸ್ಸು, ಮೈ ಎರಡೂ ಕುಗ್ಗಿದಾಗ, 53ನೇ ವಯಸ್ಸಿನ್ಯಾಗ, ದಿನಾ ಹತ್ತು ಹದಿನೈದು ಮಿನಿಟ್ ಅಂತ ಮೂರು ತಿಂಗಳು ಸೈಕಲ್ ಕಲ್ತಳು. ಸೈಕಲ್ಲಿಗೆ ಗ್ಲಾಡಿಸ್ ಅಂತ ಹೆಸರಿಟ್ಲು, 1895ರಾಗ ಅದರ ಮ್ಯಾಲೊಂದು ಪುಸ್ತಕ ಬರದ್ಲು. ನಮ್ಮ ವಯಸ್ಸಿನೋರು "ಇನ್ನೇನು ಸೈಕಲ್" ಅಂತ ಅನ್ನೋ ಮುಂದ ಈಕಿನ್ನ ನೆನಸಬೇಕು. ಆ ಹೊತ್ತಿನ ಡಾಕ್ಟರರು ಸೈಕಲ್ ಹೊಡದ್ರ ಹೆಂಗಸರ ಮಾರಿ ಸೊಟ್ಟಾಗತೈತಿ, "ಸೈಕಲ್ ಮಾರಿ" ಬರತೈತಿ ಅಂತ ಹೆದರಿಸ್ತಿದ್ರು. ಸೀಟಿನ ವಿಚಾರ ಮಾಡಿದೋರೂ ಇದ್ರು. ಕೂಡೋ ಎಲುಬಿಗೆ ಸರಿಯಾಗಿ ಎರಡು ಮೆತ್ತಿ ಇದ್ದು ನಡುವ ಖಾಲಿ ಬಿಟ್ಟ ಸೀಟು ಆಗಲೇ ಪೇಟಿಗೆ ಬಂದಿದ್ದುವು. ಆಮ್ಯಾಲ ಮಂದಿ ಅವನ್ನ ಮರತ್ರು.

ಮೈ ನೋಡಿ ಸೈಕಲ್ ಮಾಡೋ ಮಾತು ಜೋರಾಗಿ ಬಂದದ್ದು 1985ರಾಗ, ಅಂದ್ರ ರೋವರ್ ಬಂದು ನೂರು ವರ್ಷಕ್ಕ. ಜಾರ್ಜೀನಾ ಟೆರ್ರಿ ಅನ್ನೋ ಅಮೇರಿಕಾದ ಇಂಜಿನಿಯರ್ ಹೆಂಗಸು ತಾನ ಪೈಪು ಬೆಸದು ಗೆಳತ್ಯಾರಿಗೆ ಸೈಕಲ್ ಮಾಡಿ ಕೊಡಾಕ ಸುರು ಮಾಡಿ, ಆ ವರ್ಷ ಕಂಪನಿನ ತಗದ್ಲು. ಗಿಡ್ಡ ಹೆಂಗಸರಿಗೆ ಸೀಟಿನಿಂದ ಹ್ಯಾಂಡಲ್ ಭಾಳ ದೂರ, ಚಾಚಿ ಚಾಚಿ ಹೆಗಲು, ಕೊರಳು ನೋಯ್ತಾವ. ಪೈಪು ಗಿಡ್ಡ ಮಾಡೋಣಂದ್ರ ಮುಂದಿನ ಗಾಲಿ ಕಾಲಿಗೆ ಬಡೀತೈತಿ. ಅದಕ್ಕ ಆಕಿ ಮುಂದಿನ ಗಾಲಿನ ಸಣ್ಣದು ಮಾಡಿದ್ಲು, 24 ಇಂಚು. ನೋಡಾಕ ವಿಚಿತ್ರ, ಆದ್ರ ಕುಂತೋರ ಬೆನ್ನಿಗೆ ಗೊತ್ತಾತು.

ಆಗ ಒಂದು ಮಾತು ಹಬ್ಬಿತು: ಹೆಂಗಸರ ಕಾಲು ಉದ್ದ, ಮೈ ಗಿಡ್ಡ, ಅದಕ್ಕ ಅವರಿಗೆ ಬ್ಯಾರೆ ಸೈಕಲ್ ಬೇಕು. ದೊಡ್ಡ ಕಂಪನಿಗಳು ಇದನ್ನ ಹಿಡಕೊಂಡು ಹೆಂಗಸರ ಸೈಕಲ್ ಬ್ಯಾರೆ ಮಾರಿದ್ವು. ಮುಂದ ಸಾವಿರಾರು ಮಂದಿಯ ಅಳತಿ ಕೂಡಿದಮ್ಯಾಲ ನೋಡಿದ್ರ, ಒಂದೇ ಎತ್ತರದ ಹೆಂಗಸು ಗಂಡಸರ ನಡುವ ಕಾಲು-ಮೈ ಲೆಕ್ಕದಾಗ ಅಂಥಾ ಫರಕ ಇಲ್ಲ. ಹೆಂಗಸರ ಹೆಂಗಸರ ನಡುವನ ಫರಕ ಹೆಚ್ಚು. ಅಮೇರಿಕಾದ ಸ್ಪೆಷಲೈಝಡ್ ಕಂಪನಿ 2019ರಾಗ ಇದನ್ನ ಹೇಳಿ, ಹೆಂಗಸರ ಫ್ರೇಮು ಅಂತ ಬ್ಯಾರೆ ಮಾಡೋದನ್ನ ಬಿಟ್ಟಿತು. ಇದು ನನಗೂ ನಂಬಾಕ ಕಷ್ಟ ಆತು, ಆದ್ರ ನಮ್ಮ ಮನ್ಯಾಗಿನ ಅಕ್ಕತಂಗ್ಯಾರನ್ನ ಸಾಲಾಗಿ ನಿಲ್ಲಿಸಿ ನೋಡಿದ್ರ ಖರೇ ಅನಿಸತೈತಿ. ನಾನು ನನ್ನ ತಂಗಿ ಒಂದೇ ಎತ್ತರ. ನೆಲದ ಮ್ಯಾಲ ಊಟಕ್ಕ ಕುಂತ್ರ ಆಕಿ ನನಗಿಂತ ನಾಕು ಬೆರಳು ಎತ್ತರ.

ಹಂಗಾರ ಫರಕ ಇರೋದೆಲ್ಲಿ? ಹೆಂಗಸರು ಒಟ್ಟಿನ ಮ್ಯಾಲ ಎತ್ತರ ಕಮ್ಮಿ. ಹೆಗಲು ಸಣ್ಣ, ಹಿಂಗಾಗಿ ಅಗಲ ಹ್ಯಾಂಡಲ್ ತೋಳಿಗೆ ತ್ರಾಸು. ಕೈ ಸಣ್ಣವು, ಬ್ರೇಕಿನ ಹಿಡಿ ಬೆರಳಿಗೆ ನಿಲುಕಂಗಿಲ್ಲ. ಎಲ್ಲಾಕ್ಕಿಂತ ಹೆಚ್ಚು, ಸೀಟು. ಹೆರಿಗಿ ಸಲುವಾಗಿ ನಮ್ಮ ನಡದ ಎಲುಬಿನ ಗೂಡು ಅಗಲ, ಕುಂತಾಗ ಭಾರ ಬೀಳೋ ಎರಡು ಎಲುಬಿನ ನಡುವಿನ ಅಂತರ ಸಾಮಾನ್ಯವಾಗಿ ಹೆಚ್ಚು. ಸೀಟು ಸಣ್ಣದಿದ್ರ ಎಲುಬು ಹೊರಗ ಉಳದು ಪೂರಾ ಭಾರ ನಡುವಿನ ಮೆತ್ತನ ಜಾಗಕ್ಕ ಬೀಳತೈತಿ. ತಂಗಿ ಮಗಳ ಗೋಳು ಅದೇ. ನಾಜೂಕಿನ ಮಾತು ಎಲ್ಲೂ ಇಲ್ಲ.

ನಮ್ಮ ದೇಶದಾಗ ಇದರ ಇನ್ನೊಂದು ಮಗ್ಗಲು ಐತಿ. ತಮಿಳುನಾಡಿನ ಪುದುಕೋಟೆ ಜಿಲ್ಲಾದಾಗ 1990ರ ಸುರುವಿನ್ಯಾಗ ಅಕ್ಷರ ಕಲಿಸೋ ಚಳವಳಿ ನಡೀತು. ಕಲೆಕ್ಟರ್ ಶೀಲಾರಾಣಿ ಚುಂಕತ್ ಅಕ್ಷರದ ಜೋಡಿ ಸೈಕಲ್ಲೂ ಕಲಿಸಬೇಕು ಅಂದ್ರು. ಹೊಲದಾಗ, ಕಲ್ಲಿನ ಕ್ವಾರಿಯಾಗ ದುಡಿಯೋ ಸಾವಿರಾರು ಹೆಣ್ಣಮಕ್ಕಳು ಕಲ್ತರು. 1992ರ ಮಹಿಳಾ ದಿನಕ್ಕ 1,500ಕ್ಕೂ ಹೆಚ್ಚು ಮಂದಿ ಗಂಟಿ ಬಾರಿಸ್ಕೊಂತ ಊರಾಗ ಸೈಕಲ್ ಹೊಡದ್ರು. ಪತ್ರಕರ್ತ ಪಿ. ಸಾಯಿನಾಥ್ ಅದರ ಬಗ್ಗೆ ಬರದಾರ. ಅದರಾಗ ಒಂದು ಮಾತು ನನಗ ಭಾಳ ಹಿಡಿಸ್ತು: ಲೇಡೀಸ್ ಸೈಕಲ್ ಸಾಕಷ್ಟು ಸಿಗದ ಗಂಡಸರ ಸೈಕಲ್ ಹೊಡದ್ರು, ಆಮ್ಯಾಲ ಎಷ್ಟೋ ಮಂದಿಗೆ ಅದೇ ಬೇಕಾತು. ಯಾಕಂದ್ರ ಆ ನಡುವಿನ ಪೈಪಿನ ಮ್ಯಾಲ ಕೂಸನ್ನ ಕುಂದರಸಬಹುದು! ಲಂಗಾದ ಸಲುವಾಗಿ ತಗದ ಪೈಪು, ಕೂಸಿನ ಸಲುವಾಗಿ ಬೇಕಾತು.

ಬಿಹಾರದಾಗ 2006ರಾಗ ಒಂಬತ್ತನೇತ್ತದ ಹುಡುಗ್ಯಾರಿಗೆ ಸೈಕಲ್ ಕೊಟ್ರು. ಅದರ ಮ್ಯಾಲ ಅರ್ಥಶಾಸ್ತ್ರದವರು ಲೆಕ್ಕ ಹಾಕಿ, ಹೈಸ್ಕೂಲಿಗೆ ಸೇರೋ ಹುಡುಗ್ಯಾರು 32 ಪರ್ಸೆಂಟ್ ಹೆಚ್ಚಾದ್ರು ಅಂತ ತೋರಿಸ್ಯಾರ. ನಮ್ಮ ರಾಜ್ಯದಾಗ 2006-07ರಾಗ ಎಂಟನೇತ್ತಕ್ಕ ಸರಕಾರಿ ಸೈಕಲ್ ಬಂತು. ಒಂದು ಸೈಕಲ್ ಹುಡುಗಿಯ ಸಾಲಿನ ಉಳಸತೈತಿ ಅಂದಮ್ಯಾಲ, ಸೀಟು ಚುಚ್ಚೋದು ಸಣ್ಣ ಮಾತು ಹೆಂಗಾಗತೈತಿ? ನಮ್ಮೂರಾಗ ಬಂದ ಸೈಕಲ್ ಎಲ್ಲಾ ಒಂದೇ ಅಳತಿ ಇದ್ದುವು. ಎಂಟನೇತ್ತದಾಗ ಒಬ್ಬಾಕಿ ನಾಕೂವರಿ ಫೂಟು ಇರತಾಳ, ಇನ್ನೊಬ್ಬಾಕಿ ಐದೂಕಾಲು. ಬಂದಂಗ ಹಂಗ ಹೊಡೀತಿದ್ರು, ಒಂದು ಪಾನಾ ಹಿಡದು ಸೀಟು ಏರಿಸಿ ಇಳಿಸಿ ಕೊಡೋರು ಇರಲಿಲ್ಲ.

ಇದನ್ನ ಮನ್ಯಾಗ ನಾವ ಮಾಡಬಹುದು. ಗ್ವಾಡಿಗೆ ಕೈ ಕೊಟ್ಟು ಹುಡುಗೀನ ಸೀಟಿನ ಮ್ಯಾಲ ಕುಂದರಸ್ರಿ. ಪೆಡಲ್ ಪೂರಾ ಕೆಳಗ ಬಂದಾಗ ಹಿಮ್ಮಡ ಅದರ ಮ್ಯಾಲಿಟ್ರ ಮೊಣಕಾಲು ನೆಟ್ಟಗಾಗಬೇಕು. ಆಮ್ಯಾಲ ಮುಂಗಾಲಿಲೇ ತುಳದ್ರ ಮೊಣಕಾಲು ಸ್ವಲ್ಪ ಬಗ್ಗತೈತಿ, ಅಷ್ಟ ಇರಬೇಕು. ಹೊಸದಾಗಿ ಕಲಿಯೋರಿಗೆ ಎರಡೂ ಪಾದ ನೆಲಕ್ಕ ಹತ್ತಂಗ ಇಳಿಸಿ ಕೊಡ್ರಿ, ಕಲ್ತಮ್ಯಾಲ ಏರಿಸ್ರಿ. ಇಳಿಸಿದ್ದು ಹಂಗ ಉಳದ್ರ ಮೊಣಕಾಲು ನೋಯ್ತಾವ. ಸೀಟಿನ ಮೂತಿ ಮ್ಯಾಲ ಎದ್ದಿದ್ರ ಚುಚ್ಚೋದು ಖಾತ್ರಿ, ಸಮ ಮಾಡ್ರಿ, ಇಲ್ಲಾ ಒಂದು ಎಳ್ಳಷ್ಟು ಕೆಳಗ ಮಾಡ್ರಿ. ಸೀಟಿನ ಅಗಲ ನೋಡಾಕ ದಪ್ಪ ರಟ್ಟಿನ ತುಂಡು ಗಟ್ಟಿ ಮಣಿ ಮ್ಯಾಲ ಇಟ್ಟು ಮುಂದ ಬಗ್ಗಿ ಕುಂದರಬೇಕು. ಎದ್ದು ನೋಡಿದ್ರ ಎರಡು ತಗ್ಗು ಬಿದ್ದಿರತಾವ. ಆ ಎರಡೂ ತಗ್ಗು ಸೀಟಿನ ಹಿಂದಿನ ಅಗಲದೊಳಗ ಬರಬೇಕು. ಭಾಳ ಮೆತ್ತನ ಸ್ಪಂಜಿನ ಸೀಟು ತರಬ್ಯಾಡ್ರಿ. ಎಲುಬು ಒಳಗ ಇಳದು ಸ್ಪಂಜು ನಡುವ ಒತ್ತತೈತಿ. ನಡುವ ತೂತು ಇಲ್ಲಾ ತಗ್ಗು ಇದ್ದ ಸೀಟು ಈಗ ಸಣ್ಣ ಊರಿನ ಅಂಗಡ್ಯಾಗೂ ಸಿಗತಾವ, ಬದಲಿ ಮಾಡಾಕ ಹತ್ತು ಮಿನಿಟ್ ಸಾಕು. ತಂಗಿ ಮಗಳದು ಹಂಗ ಬದಲಿ ಮಾಡಿಸಿ, ಸೀಟು ಎರಡು ಬೆರಳು ಏರಿಸೀವಿ. ಈಗ ವಾರದಾಗ ಮೂರು ನಾಕು ದಿನ ಹೊಡೀತಾಳ, ಮುಟ್ಟಾದಾಗ ಬಸ್ಸಿಗೆ ಹೋಗತಾಳ.

ಬ್ರೇಕಿನ ಹಿಡಿ ದೂರ ಆದ್ರ ತಂತಿ ಬ್ರೇಕಿನ ಸೈಕಲ್ಲಿಗೆ ಭಾಳ ಕಡೆ ಹಿಡಿಯ ಬುಡದಾಗ ಒಂದು ಸಣ್ಣ ಸ್ಕ್ರೂ ಇರತೈತಿ, ಅದನ್ನ ತಿರುವಿದ್ರ ಹಿಡಿ ಹತ್ರ ಬರತೈತಿ. ಹಳೇ ರಾಡ್ ಬ್ರೇಕಿನ ಸೈಕಲ್ಲಿಗೆ ಈ ಉಪಾಯ ನಡಿಯಂಗಿಲ್ಲ.